ಅತ್ತೆ ತೊಳೆದ ಪಾಚಿ ಬಲೆ

ಫ್ರಾಕ್ಸನ್ ಮನೆಅಳಿಯ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸರೋವರದ ದಂಡೆಯ ಸೆಂಗಾ ಬೇ ಸುತ್ತಮುತ್ತಲ ಹಳ್ಳಿಗಳಲ್ಲಿ ಗಂಡಸು ಮದುವೆಯಾದರೆ ಹೆಂಡತಿಯ ಊರಿಗೇ ಹೋಗುತ್ತಾನೆ, ಅತ್ತೆಯ ಅಂಗಳದಲ್ಲೇ ಇಟ್ಟಿಗೆ ಸುಟ್ಟು ಗೋಡೆ ಎಬ್ಬಿಸುತ್ತಾನೆ. ಕಟ್ಟಿದವನು ಅವನೇ; ಮನೆ ಯಾರದ್ದಪ್ಪಾ ಎಂದು ಕೇಳಿದರೆ ಗಂಟಲು ಸರಿಮಾಡಿಕೊಂಡು ಮಾತು ಬದಲಿಸುವವನೂ ಅವನೇ. ಹೀಗೆ ಗಂಟಲು ಸರಿಮಾಡಿಕೊಳ್ಳುತ್ತಲೇ ಫ್ರಾಕ್ಸನ್ ತಿಯಾಮಿಕೆ ಎಂಬ ಮಗಳೊಬ್ಬಳನ್ನು ಬೆಳೆಸಿ, ಮದುವೆ ಮಾಡಿ, ತಲೆ ನರೆಸಿಕೊಂಡಿದ್ದ. ಅತ್ತೆಮನೆಯವರೊಂದಿಗೆ ಒಂದು ದಿನವೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಪಾಚಿಯಿಂದ.

ಅವನ ಕಸುಬು ನೀರಿಗೆ ಮುಳುಗುವುದು. ಸರೋವರದ ಬಂಡೆಗಳ ಸಂದಿಯಲ್ಲಿ ಪಾಚಿ ಮೇಯ್ದುಕೊಂಡಿರುವ, ಹೆಬ್ಬೆರಳುದ್ದದ, ನೀಲಿ ಹಳದಿ ಬಣ್ಣದ ಎಂಬುನಾ ಮೀನುಗಳನ್ನು ನೋವಾಗದಂತೆ ಹಿಡಿದು ತರುವುದು. ಆ ಮೀನುಗಳು ಚೀಲದೊಳಗೆ ಕೂತು ವಿಮಾನ ಹತ್ತಿ ದೂರದೇಶದವರ ಹಜಾರ ಸೇರುತ್ತಿದ್ದವು. ಊರಿನವರಿಗೆ ಇದೊಂದು ತೀರದ ನಗೆ. ಒಂದು ತುತ್ತಿಗೂ ಸಾಲದ ಮೀನು ವಿಮಾನದಲ್ಲಿ ಹೋಗುತ್ತದೆ, ಹಿಡಿದವನು ಸೈಕಲ್ಲಿನಲ್ಲಿ ಮನೆಗೆ ಬರುತ್ತಾನೆ ಎನ್ನುತ್ತಿದ್ದರು. ಫ್ರಾಕ್ಸನ್ ಜೊತೆಗೆ ನಗುತ್ತಿದ್ದ. ನೀರಿನ ಕೆಳಗೆ ತಾನು ಏನು ನೋಡಿ ಬರುತ್ತೇನೆಂದು ಅವರಿಗೆ ಗೊತ್ತಿಲ್ಲವಲ್ಲ ಎಂಬ ಒಳಗುಟ್ಟಿನ ಸುಖ ಅವನಿಗಿತ್ತು.

ಆಮೇಲೆ ಅವನ ಬಲಗಿವಿಯ ತಮಟೆ ಹರಿಯಿತು. ಇನ್ನೊಮ್ಮೆ ತಲೆ ಮುಳುಗಿಸಿದರೆ ಉಳಿದ ಕಿವಿಯೂ ಹೋಗುತ್ತದೆ, ನೆಟ್ಟಗೆ ನಿಲ್ಲುವುದಕ್ಕೂ ಆಗುವುದಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಅಲ್ಲಿಗೆ ಅವನ ಕಸುಬು ಮುಗಿಯಿತು. ದಿನಾ ಬೆಳಿಗ್ಗೆ ದಂಡೆಗೆ ಹೋಗಿ, ಮೊಣಕಾಲುದ್ದ ನೀರಲ್ಲಿ ನಿಂತು, ಬಾತುಕೋಳಿಯ ಹಾಗೆ ಕೆಳಗೆ ನೋಡಿಕೊಂಡು ವಾಪಸು ಬರುತ್ತಿದ್ದ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವನಿಗೆ ಅಳು ಬರುತ್ತಿತ್ತು.

ಹಾಗಾಗಿ ಮೂಲೆ ಒಡೆದಿದೆಯೆಂದು ಮೀನು ಕಳಿಸುವ ಹಳೇ ಧಣಿ ಎಸೆದಿದ್ದ ಗಾಜಿನ ತೊಟ್ಟಿಯನ್ನು ಕೇಳಿ ಪಡೆದ. ಲಾರಿಯ ಗಾಜಿಗೆ ಹಾಕುವ ಅಂಟಿನಿಂದ ಬಿರುಕು ಮುಚ್ಚಿದ, ಹಜಾರದಲ್ಲಿ ಕೂರಿಸಿದ, ಸರೋವರದ ಕಲ್ಲುಗಳನ್ನೇ ಜೋಡಿಸಿದ. ಹಳೆಯ ಜೊತೆಗಾರರು ಒಂದು ಹಿಡಿ ಎಂಬುನಾ ತಂದು ಬಿಟ್ಟರು. ಊರಿಗೆ ಊರೇ ನೋಡಲು ಬಂತು. ಬಾಗಿಲು ತೆಗೆದರೆ ಸಮುದ್ರದಂಥ ಕೆರೆ, ಈ ಮಹಾರಾಯ ಅದನ್ನು ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದಾನೆ, ನಾಳೆ ಗಾಳಿಯನ್ನೂ ಬಾಟಲಿಗೆ ಹಾಕಿ ಬಿರಡೆ ಜಡಿಯುತ್ತಾನೆ ಎಂದು ನಕ್ಕರು. ನಕ್ಕವರು ಎದ್ದು ಹೋಗಲಿಲ್ಲ. ಊಟದ ಹೊತ್ತಾದರೂ ತೊಟ್ಟಿಯ ಮುಂದೆಯೇ ಕೂತಿದ್ದರು.

ಕೂತವರಿಗೆ ಊಟ ಹಾಕದೆ ಇರುವುದುಂಟೇ? ಎನೆಲೆಸ್, ಅಂದರೆ ಫ್ರಾಕ್ಸನ್ನನ ಹೆಂಡತಿ, ನ್ಸಿಮಾ ಮುದ್ದೆ ಬಡಿಸುತ್ತಿದ್ದಳು. ಕಣ್ಣು ಪಿಳುಕಿಸದೆ ನೋಡುತ್ತಿರುವ ಜೀವಿಗಳನ್ನು ಬಿಟ್ಟು ತಾವೊಬ್ಬರೇ ತಿನ್ನುವಷ್ಟು ಮಾನಗೆಟ್ಟವರು ಆ ಊರಲ್ಲಿ ಯಾರೂ ಇರಲಿಲ್ಲ. ಆದ್ದರಿಂದ ಪ್ರತಿಯೊಬ್ಬರೂ ಮುದ್ದೆಯಿಂದ ಒಂದು ಚೂರು ಮುರಿದು ಮೀನಿಗೆ ಹಾಕಿದರು. ಬೇಡವೆಂದರೆ ಮನೆಯವನು ಜಿಪುಣನಾಗುತ್ತಾನೆ. ಫ್ರಾಕ್ಸನ್ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದ. ಮುದ್ದೆ ನೀರಲ್ಲಿ ಕೊಳೆಯಿತು, ಕೊಳೆತದ್ದು ಗೊಬ್ಬರವಾಯಿತು, ಗೊಬ್ಬರ ಸಿಕ್ಕಿದ ಮೇಲೆ ಪಾಚಿ ಬಿಡುತ್ತದೆಯೇ? ಗಾಜು, ಕಲ್ಲು, ನೀರು ಎಲ್ಲ ಹಸಿರಾಯಿತು. ಒಳಗೆ ಮೀನಿವೆಯೋ ಇಲ್ಲವೋ ಎಂಬುದು ನಂಬಿಕೆಯ ಮಾತಾಯಿತು. ವಾಸನೆಗೆ ಮಾತ್ರ ನಂಬಿಕೆ ಬೇಕಿರಲಿಲ್ಲ.

ಇದೇ ಹೊತ್ತಿಗೆ ಮಳೆಗೆ ಅತ್ತೆಯ ಮನೆ ಕುಸಿಯಿತು. ಅತ್ತೆ ನಾಮ್ವಾಲೆ ಚಾಪೆ, ಗಡಿಗೆ, ಎರಡು ಕೋಳಿ ಸಮೇತ ಅಂಗಳ ದಾಟಿ ಮಗಳ ಮನೆಗೆ ಬಂದಳು. ಈಗಿನ ಕಾಲದಲ್ಲಿ ಪೇಟೆಯ ಅಳಿಯಂದಿರು ಅತ್ತೆಯ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಾರಂತೆ. ಅದನ್ನು ಕೇಳಿದಾಗ ನಾಮ್ವಾಲೆ ಲೋಕ ಮುಗಿಯಿತೆಂದು ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದ್ದಳು. ಅವಳ ಲೆಕ್ಕದಲ್ಲಿ ಅಳಿಯ ಅತ್ತೆಯ ಮುಖ ನೋಡಬಾರದು, ನೇರ ಮಾತಾಡಬಾರದು, ಒಂದೇ ಕೋಣೆಯಲ್ಲಿ ಇರಬಾರದು. ಮರ್ಯಾದೆಯೆಂದರೆ ಅದು. ಇಷ್ಟು ವರ್ಷ ನಡುವೆ ಅಂಗಳವಿತ್ತು, ನಡೆದುಹೋಯಿತು. ಈಗ ಇರುವುದು ಒಂದೇ ಹಜಾರ. ಫ್ರಾಕ್ಸನ್ ಒಳಗೆ ಬರುವ ಮುಂಚೆ ಹೊಸ್ತಿಲಲ್ಲಿ ಕೆಮ್ಮುತ್ತಿದ್ದ. ಒಳಗಿದ್ದರೆ ಅತ್ತೆ ಕೆಮ್ಮುತ್ತಿದ್ದಳು. ಅವನು ಹಿಂದಕ್ಕೆ ಹೋಗಿ ಹಿತ್ತಿಲಲ್ಲಿ ಕೆಮ್ಮುತ್ತಿದ್ದ. ನೆರೆಯವರು ಇಡೀ ಸಂಸಾರಕ್ಕೆ ಕ್ಷಯ ತಗಲಿರಬೇಕೆಂದು ಬೇರು ತಂದುಕೊಟ್ಟರು.

ಹಸಿರು ನೀರು, ವಾಸನೆ, ಕೆಮ್ಮು ಎಲ್ಲ ಸೇರಿ ಎನೆಲೆಸ್‌ಳ ತಲೆ ಕೆಟ್ಟಿತು. ಒಂದು ಬೆಳಿಗ್ಗೆ ಪೊರಕೆ ಹಿಡಿದುಕೊಂಡೇ ತೀರ್ಪು ಹೇಳಿದಳು.

"ತಿಯಾಮಿಕೆ ಅಪ್ಪ, ಅಮ್ಮನ ಮನೆಗೆ ಹುಲ್ಲು ಹೊದಿಸೋ ದಿನ ಎರಡೂ ಕಡೆ ನೆಂಟ್ರು ಬರ್ತಾರೆ. ಅಷ್ಟ್ರೊಳಗೆ ಈ ನೀರು ತಿಳಿಯಾಗಿರ್ಬೇಕು. ಇಲ್ಲಾಂದ್ರೆ ನಿಮ್ಮ ಮೀನು ಕೆರೆಗೆ, ತೊಟ್ಟಿ ನನ್ನ ಕೋಳಿಮರಿಗೆ."

ಎನೆಲೆಸ್ ಹೇಳಿದ್ದನ್ನು ಮಾಡುವವಳು. ಕೆರೆಯ ತಳದಲ್ಲಿ ಫ್ರಾಕ್ಸನ್ನನಿಗೆ ಇನ್ನು ಉಳಿದಿದ್ದ ಜಾಗವೆಂದರೆ ಇಷ್ಟೇ, ಹಜಾರದಲ್ಲಿ ಎರಡು ಮೊಳ. ಅದೂ ಹೋದರೆ ಆಮೇಲೆ ಮೊಣಕಾಲುದ್ದ ನೀರಿನ ಬಾತುಕೋಳಿಯ ಬಾಳೇ ಗತಿ.

ಆಗ ಅವನಿಗೆ ಧಣಿ ಮೀನು ಇಡುತ್ತಿದ್ದ ಕೊಟ್ಟಿಗೆ ನೆನಪಾಯಿತು. ಅಲ್ಲಿ ತೊಟ್ಟಿಗಳ ಮೇಲೆ ಹಸಿರು ಬಟ್ಟೆಯಂಥದ್ದೊಂದು ನೇತಾಡುತ್ತಿತ್ತು, ಅದರ ಮೇಲೆ ಸದಾ ನೀರು ಇಳಿಯುತ್ತಿತ್ತು. ಯಾರೋ ಮರೆತುಹೋದ ಕೊಳಕು ಟವಲ್ಲೆಂದು ಅವನು ವರ್ಷಗಟ್ಟಲೆ ಭಾವಿಸಿದ್ದ. ಒಂದು ಸಲ ಅದರಲ್ಲಿ ಕೈ ಒರೆಸಿಕೊಂಡದ್ದೂ ಉಂಟು. ಹೋಗಿ ವಿಚಾರಿಸಿದಾಗ ಅದೇ ಮದ್ದೆಂದು ತಿಳಿಯಿತು. ಪಾಚಿ ಹೇಗೂ ಬೆಳೆಯುವುದೇ. ಬೇಡವೆಂದರೆ ಕೇಳುವ ಜಾತಿಯಲ್ಲ. ಆದ್ದರಿಂದ ತೊಟ್ಟಿಗಿಂತ ಸೊಗಸಾದ ಜಾಗವನ್ನು ಅದಕ್ಕೆ ಹೊರಗೆ ಮಾಡಿಕೊಡಬೇಕು: ಒರಟು ಬಲೆ, ತೆಳ್ಳಗೆ ಹರಿಯುವ ನೀರು, ಚೆನ್ನಾದ ಬೆಳಕು. ನೀರಿನಲ್ಲಿರುವ ಗೊಬ್ಬರವನ್ನೆಲ್ಲ ಪಾಚಿ ಅಲ್ಲೇ ಕೂತು ಉಂಡುಬಿಡುತ್ತದೆ, ತೊಟ್ಟಿಯೊಳಗಿನ ಪಾಚಿ ಉಪವಾಸ ಬಿದ್ದು ಸಾಯುತ್ತದೆ. ವಾರಕ್ಕೊಮ್ಮೆ ಬಲೆಯ ಮೇಲಿನದನ್ನು ಅರ್ಧ ಕೆರೆದು ತೆಗೆಯಬೇಕು. ಅರ್ಧ ಮಾತ್ರ. ಬೇರು ಉಳಿಯಬೇಕು. ಪೂರ್ತಿ ತೊಳೆದರೆ ಪಾಚಿ ಮತ್ತೆ ತೊಟ್ಟಿಗೇ ಬಂದು ಸಂಸಾರ ಹೂಡುತ್ತದೆ.

ಅಡುಗೆ ಎಣ್ಣೆಯ ಹಳದಿ ಕ್ಯಾನನ್ನು ಅರ್ಧಕ್ಕೆ ಕೊಯ್ದ. ಈರುಳ್ಳಿ ಚೀಲದ ಬಲೆಯನ್ನು ಮಡಿಸಿ, ಪಾಚಿಗೆ ಹಿಡಿತ ಸಿಗಲೆಂದು ಒರಟು ಕಲ್ಲಿನಿಂದ ಉಜ್ಜಿ, ಕ್ಯಾನಿನೊಳಗೆ ಇಳಿಬಿಟ್ಟ. ಮೇಲೆ ಉದ್ದಕ್ಕೆ ಸೀಳಿದ ಪೈಪು, ಕೆಳಗೆ ತೊಟ್ಟಿಯಲ್ಲಿ ಪುಟ್ಟ ಪಂಪು, ಪಂಪಿಗೆ ಮಾಡಿನ ಮೇಲಿನ ಸೋಲಾರ್. ಬಿಸಿಲಿದ್ದಾಗ ನೀರು ಹತ್ತುತ್ತಿತ್ತು, ಬಿಸಿಲಿದ್ದಾಗಲೇ ಪಾಚಿಯೂ ಉಣ್ಣುತ್ತಿತ್ತು. ಕೆಲವು ದಿನಗಳಲ್ಲಿ ಬಲೆಗೆ ಕಂದು ಲೋಳೆ ಹಿಡಿಯಿತು, ಆಮೇಲೆ ಎಳೆ ಹಸಿರು ಗಡ್ಡ ಬಂತು. ಫ್ರಾಕ್ಸನ್ ಅದನ್ನು ಬೆರಳಿಂದ ಸವರಿ ನೋಡಿ, ಮೊದಲ ಮೀಸೆ ಬಂದ ಹುಡುಗನಂತೆ ಖುಷಿಪಟ್ಟ.

ಮಾರನೆಯ ದಿನ ಬಲೆ ಬಟ್ಟೆ ಒಣಹಾಕುವ ಹಗ್ಗದ ಮೇಲಿತ್ತು. ಅತ್ತೆ ಸೊಂಟಕ್ಕೆ ಸುತ್ತುವ ಎರಡು ಚಿತೆಂಜೆ ಬಟ್ಟೆಗಳ ನಡುವೆ, ಹೊಸ ಮದುವಣಗಿತ್ತಿಯ ಮುಸುಕಿನಷ್ಟು ಬೆಳ್ಳಗೆ.

ನಾಮ್ವಾಲೆ ಕೋಳಿ ಕೂಗುವ ಮುಂಚೆ ಎದ್ದು, ಬಲೆಯನ್ನು ದಂಡೆಗೊಯ್ದು, ಬೂದಿ ಹಾಕಿ, ಜೋಳದ ದಿಂಡಿನಿಂದ ಉಜ್ಜಿ, ಬಂಡೆಗೆ ಬಡಿದು ಒಗೆದಿದ್ದಳು. ಬೇರೆಯವರ ಮನೆಯಲ್ಲಿ ಉಂಡು ಮಲಗಿ ಕೂರುವ ಹೆಂಗಸಲ್ಲ ಅವಳು. ಅಳಿಯನಿಗೆ ಕಿವಿ ಹೋಗಿದೆ, ಜೊತೆಗೆ ಮೂಗೂ ಹೋದಂತಿದೆ ಪಾಪ, ನಾನಲ್ಲದೆ ಇನ್ಯಾರು ಮಾಡಬೇಕು ಎಂದು ನೆರೆಯವರಿಗೆ ಹೇಳಿದಳು. ಮನುಷ್ಯ ಒಳ್ಳೆಯವನೇ, ಹೆತ್ತ ತಾಯಿ ಸ್ವಲ್ಪ ಶುಚಿ ಕಲಿಸಬೇಕಿತ್ತು ಎಂದೂ ಸೇರಿಸಿದಳು.

ಫ್ರಾಕ್ಸನ್ನನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ಬೇಡ ಅನ್ನುವಂತಿಲ್ಲ, ಯಾಕೆಂದರೆ ಅತ್ತೆಗೆ ಏನನ್ನೂ ಅನ್ನುವಂತೆಯೇ ಇಲ್ಲ. ಬಲೆಯನ್ನು ಮತ್ತೆ ಇಳಿಬಿಟ್ಟ. ಮತ್ತೆ ಗಡ್ಡ ಬಂತು, ಮತ್ತೆ ಅತ್ತೆ ಬೋಳಿಸಿದಳು. ಎರಡು ಬಲೆ ಕಟ್ಟಿದ. ದೇವರು ದುಡಿಯುವ ಕೈಗೆ ಕೆಲಸ ಕೊಡುತ್ತಾನೆಂದು ಹಾಡುತ್ತ ಎರಡನ್ನೂ ಒಗೆದಳು. ಕ್ಯಾನಿಗೆ ಮುಚ್ಚಳ ಮಾಡಿ ಮೇಲೆ ಕಲ್ಲು ಹೇರಿದ. ಮುಚ್ಚಳ, ಕಲ್ಲು, ಬಲೆ ಮೂರೂ ತೊಳೆದು ಸಾಲಾಗಿ ಒಣಗಿದವು. ಕೋಳಿಗಿಂತ ಮುಂಚೆ ಎದ್ದು ಕಾವಲು ಕೂತ. ಅತ್ತೆ ಒಳಗಿಂದ ಕೆಮ್ಮಿದಳು, ಎದ್ದು ಹೊರಗೆ ಹೋಗಬೇಕಾಯಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ದಿನ ಕಳೆದವು. ತೊಟ್ಟಿಯ ನೀರು ಹುಣಸೆಸೊಪ್ಪು ಅರೆದ ಹಾಗೆ ಗಟ್ಟಿಯಾಗುತ್ತ ಬಂತು. ಅಂಗಳದಾಚೆ ಅತ್ತೆಯ ಹೊಸ ಗೋಡೆಗಳು ಮೇಲೇಳುತ್ತಿದ್ದವು. ಆ ಗೋಡೆಗಳನ್ನು ಕಟ್ಟುತ್ತಿದ್ದವನೂ ಫ್ರಾಕ್ಸನ್ನನೇ. ನಿಧಾನಕ್ಕೆ ಕಟ್ಟಿದರೆ ಸೋಮಾರಿ ಅಳಿಯ, ಬೇಗ ಕಟ್ಟಿದರೆ ಮೀನಿಗೆ ಕೊನೆಗಾಲ.

ಕಡೆಗೆ ಹೆಂಡತಿಯ ಹತ್ತಿರ ಅಂಗಲಾಚಿದ. ನೀನೇ ಅಮ್ಮನಿಗೊಂದು ಮಾತು ಹೇಳು, ಆ ಬಲೆ ಕೊಳಕಾಗಿಯೇ ಇರಬೇಕು ಎಂದ.

"ವಯಸ್ಸಾದೋರು ನಸುಕಲ್ಲಿ ಎದ್ದು ನಿಮ್ಮ ಕೊಳೆ ಒಗೀತಾರೆ, ಅವರಿಗೆ ಹೋಗಿ ನಿಮ್ಮ ಕೆಲಸ ಸರಿಯಿಲ್ಲ ಅನ್ಲಾ? ನನ್ನ ಕೈಲಾಗಲ್ಲ," ಎಂದಳು ಎನೆಲೆಸ್. "ಅತ್ತೆ ಮೇಲೆ ದೂರಿದ್ರೆ ಅದಕ್ಕೊಂದು ದಾರಿ ಇದೆಯಲ್ಲ. ಮದುವೆಗೆ ಹೊಣೆ ನಿಂತೋರನ್ನ ಕರೆಸಿ, ಚಾಪೆ ಹಾಸಿ, ಕೇಳಿ."

ಅವಳು ಹೇಳಿದ್ದು ಹಂಗಿಸಲಿಕ್ಕೆ. ಮದುವೆ ಮುರಿಯುವಂಥ ಜಗಳವಾದರೆ ಮಾತ್ರ ಎರಡು ಕಡೆಯ ಹೊಣೆಗಾರರನ್ನು ಕೂರಿಸುವುದು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಫ್ರಾಕ್ಸನ್ ನಿಜವಾಗಿಯೂ ತನ್ನ ಸೋದರಮಾವ ಜೈಲೋಸಿಗೆ ಹೇಳಿಕಳಿಸಿದ.

ಜೈಲೋಸಿ ಬಾಡಿಗೆ ಸೈಕಲ್ಲಿನ ಹಿಂದೆ ಕೂತು, ಮದುವೆ ದಿನ ಹಾಕಿದ್ದ ಅದೇ ಕೋಟು ತೊಟ್ಟು ಬಂದ. ಮುಖ ಸಾವಿನ ಮನೆಗೆ ಬಂದವನಂತಿತ್ತು. ಸೋದರಳಿಯನನ್ನು ಮಾವಿನಮರದ ಹಿಂದಕ್ಕೆ ಕರೆದು, ಯಾರು ಯಾರನ್ನು ಬಿಡುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದ.

"ಯಾರೂ ಯಾರನ್ನೂ ಬಿಡ್ತಿಲ್ಲ ಮಾವ. ಅತ್ತೆಯೋರು ನನ್ನ ಬಲೆ ತೊಳೀತಿದಾರೆ."

"ತೊಳೆದ್ರೆ ಒಳ್ಳೇದಲ್ವೇನೋ?"

"ಅದು ಕೊಳೆಯಾಗಿದ್ರೇನೇ ಒಳ್ಳೇದು."

"ನಾನು ಹೊಣೆ ನಿಂತಾಗ ನಿನ್ನ ಬುದ್ಧಿ ನೆಟ್ಟಗಿತ್ತು ಕಣೋ," ಎಂದ ಜೈಲೋಸಿ. ಆದರೂ ಬಂದದ್ದಾಗಿದೆ, ಕೋಟು ಹಾಕಿದ್ದಾಗಿದೆ. ಕೋಳಿ ಬೇರೆ ಕೊಯ್ದಿದ್ದರು.

ಮಾವಿನಮರದ ಕೆಳಗೆ ಚಾಪೆ ಬಿದ್ದಿತು. ಎನೆಲೆಸ್‌ಳ ಕಡೆಯ ಹೊಣೆಗಾರ ಅವಳ ಅಣ್ಣ ಬಿಸ್ವಿಕ್, ಮಾತಿಗೆ ಮುಂಚೆ ಮೂರು ಸಲ ಕೈ ತಟ್ಟುವ ಮನುಷ್ಯ. ನಾಮ್ವಾಲೆ ಮನೆಯೊಳಗೆ ಬಾಗಿಲ ಮರೆಯಲ್ಲಿ ಕೂತಳು. ಫ್ರಾಕ್ಸನ್ ಹೇಳಿದ್ದನ್ನು ಜೈಲೋಸಿ ಬಿಸ್ವಿಕ್ಕನಿಗೆ ಹೇಳಬೇಕು, ಬಿಸ್ವಿಕ್ ಎದ್ದು ಹೋಗಿ ಬಾಗಿಲಿಗೆ ಹೇಳಬೇಕು, ಬಾಗಿಲು ಹೇಳಿದ್ದು ಅದೇ ದಾರಿಯಲ್ಲಿ ವಾಪಸು ಬರಬೇಕು. ನಡುವೆ ಇರುವುದು ಹತ್ತು ಮಾರು. ಎಲ್ಲರಿಗೂ ಎಲ್ಲವೂ ಮೊದಲೇ ಕೇಳಿಸುತ್ತಿತ್ತು. ಆದರೂ ಪ್ರತಿ ಸಲ ಬಿಸ್ವಿಕ್ ಹೊಸ ಸುದ್ದಿ ತಂದವನಂತೆ ನಡೆದು ಬರುತ್ತಿದ್ದ, ಎಲ್ಲರೂ ಹೌದೇ ಎಂದು ತಲೆಯಾಡಿಸುತ್ತಿದ್ದರು. ಹೊಡೆತ ಬಡಿತ ಉಂಟೇ, ಊಟಕ್ಕೆ ಕೊರತೆ ಮಾಡಿದರೇ, ಬೈದರೇ ಎಂದು ಕ್ರಮವಾಗಿ ವಿಚಾರಣೆಯಾಗಿ, ಯಾವುದೂ ಇಲ್ಲವೆಂದಾಗಿ, ಬೆಟ್ಟ ಅಗೆದು ಕೊನೆಗೆ ಇಲಿ ಹಿಡಿದರು: ಅಳಿಯನಿಗೆ ಪಾಚಿ ಬೇಕು.

ಪಾಚಿಗೆ ಹೊರಗೆ ಊಟ ಹಾಕಿದರೆ ಒಳಗಿನ ನೀರು ತಿಳಿಯಾಗುವ ಸಂಗತಿಯನ್ನು ಫ್ರಾಕ್ಸನ್ ಮೂರು ಸಲ ವಿವರಿಸಿದ. ಅದು ಬಾಗಿಲಿನವರೆಗೆ ಹೋಯಿತು. ನಾಮ್ವಾಲೆ ಬೇಜಾರು ಮಾಡಿಕೊಂಡು ಗಂಟು ಕಟ್ಟುತ್ತಾಳೆಂದು ಎನೆಲೆಸ್ ಅಳಲು ಸಿದ್ಧಳಾದಳು. ಆಮೇಲೆ ಒಳಗಿನಿಂದ, ಬಿಸ್ವಿಕ್ಕನಿಗಾಗಿ ಕಾಯದೆ, ಮುದುಕಿಯ ಧ್ವನಿ ಬಂತು.

"ಬಲೆ ಕೊಳೆಯಾಗೇ ಇರ್ಲಿ ಅನ್ನು. ನೀರು ತಿಳಿಯಾಗ್ಲಿ ಅಂತಾನೇ ನಾನೂ ತೊಳೆದಿದ್ದು. ನಂಗೂ ಆ ಮೀನು ನೋಡ್ಬೇಕು. ನೋಡೋಣ ಅಂತ ಕೂತ್ರೆ ಅವರು ಬಂದು ಕೆಮ್ತಾರೆ, ಏಳ್ಬೇಕಾಗುತ್ತೆ."

ತನ್ನ ಹಾಗೆಯೇ ಆಕೆಯೂ ದಿನಾ ಆ ಹಸಿರಿನ ಮುಂದೆ ಕಣ್ಣು ಕಿರಿದು ಮಾಡಿ ಕೂರುತ್ತಿದ್ದಳೆಂದು, ತನ್ನ ಕೆಮ್ಮಿಗೆ ಎದ್ದು ಹೋಗುತ್ತಿದ್ದಳೆಂದು ಫ್ರಾಕ್ಸನ್ನನಿಗೆ ಹೊಳೆದೇ ಇರಲಿಲ್ಲ. ಅವನಿಗೆ ನಾಚಿಕೆಯಾಯಿತು.

ಹೊಣೆಗಾರರು ಕೋಳಿ ಮುಗಿಸಿ, ಕೈ ತೊಳೆದು, ತೀರ್ಪು ಕೊಟ್ಟರು. ಜಗಲಿ ಕಡೆಯ ಕಿಟಕಿ ಕಿತ್ತು ತೊಟ್ಟಿಯನ್ನು ಅಲ್ಲೇ ಕೂರಿಸುವುದು. ಅತ್ತೆ ಒಳಗಿನಿಂದ ನೋಡತಕ್ಕದ್ದು, ಅಳಿಯ ಹೊರಗಿನಿಂದ. ಕೆಮ್ಮು ರದ್ದು. ಬಲೆಯನ್ನು ಅಳಿಯನಲ್ಲದೆ ಯಾರೂ ಮುಟ್ಟಬಾರದು, ಮೀನಿಗೆ ಮುದ್ದೆ ಹಾಕಿದವರು ಒಂದು ಕೋಳಿ ತೆರಬೇಕು. ಮುಖ ಕಂಡರೆ ಏನು ಗತಿ ಎಂದು ಯಾರೋ ಕೇಳಿದರು. ಬಿಸ್ವಿಕ್ ಮೂರು ಸಲ ಕೈ ತಟ್ಟಿ, ಆ ನೀರಿನಲ್ಲಿ ಆನೆ ನಿಂತರೂ ಕಾಣದು ಎಂದ.

ಅವನು ಹೇಳಿದ್ದು ಆವತ್ತಿನ ಮಟ್ಟಿಗೆ ನಿಜ. ಆದರೆ ಬಲೆಗೆ ಈ ಸಲ ಯಾರೂ ಕೈ ಹಚ್ಚಲಿಲ್ಲ. ಮಾಡಿನ ಅಂಚಿನ ಬಿಸಿಲಲ್ಲಿ ನೇತುಬಿದ್ದ ಹಳದಿ ಕ್ಯಾನಿನೊಳಗೆ ಪಾಚಿ ಸೊಂಪಾಗಿ ಬೆಳೆಯಿತು. ಫ್ರಾಕ್ಸನ್ ವಾರಕ್ಕೊಮ್ಮೆ ಅರ್ಧ ಕೆರೆದ, ಕೆರೆದದ್ದನ್ನು ಮೀನಿಗೇ ಹಾಕಿದ, ಅವು ಮುಗಿಬಿದ್ದು ಮೇಯ್ದವು. ಗಾಜಿನ ಮೇಲಿನ ಹಸಿರು ತೇಪೆತೇಪೆಯಾಗಿ ಉದುರಿತು. ನೀರು ಹುಣಸೆಸೊಪ್ಪಿನಿಂದ ಗಂಜಿಯಾಯಿತು, ಗಂಜಿಯಿಂದ ತೆಳು ಚಹಾ ಆಯಿತು. ಒಳಗಿನಿಂದ ಅತ್ತೆ, ಹೊರಗಿನಿಂದ ಅಳಿಯ ದಿನಾ ಕೂರುತ್ತಿದ್ದರು. ಒಬ್ಬರಿಗೊಬ್ಬರು ಆಚೆ ಒಂದು ಕಪ್ಪು ಮಬ್ಬು, ಅಷ್ಟೇ.

ಹುಲ್ಲು ಹೊದಿಸುವ ದಿನ ಬಂತು. ಎರಡೂ ಕಡೆಯ ನೆಂಟರು ಸೇರಿದರು. ಹೆಂಗಸರು ಹುಲ್ಲಿನ ಹೊರೆ ಹೊತ್ತು ತಂದರು, ಜೈಲೋಸಿ ಕೋಟು ಬಿಚ್ಚದೆಯೇ ಮೇಲ್ವಿಚಾರಣೆಗೆ ನಿಂತ. ಫ್ರಾಕ್ಸನ್ ಮಾಡು ಹತ್ತುವ ಮುಂಚೆ ಒಂದೇ ಒಂದು ಸಲ ನೋಡಿ ಬರೋಣವೆಂದು ಜಗಲಿಗೆ ಬಂದು ಕುಕ್ಕರುಗಾಲಲ್ಲಿ ಕೂತ. ನೀರು ಇಲ್ಲವೇ ಇಲ್ಲವೆಂಬಷ್ಟು ತಿಳಿಯಾಗಿತ್ತು. ನೀಲಿ ಮೀನು ತನ್ನ ಬಂಡೆಯ ಸುತ್ತ ಗಸ್ತು ಹೊಡೆಯುತ್ತಿತ್ತು, ಹಳದಿಯದು ತಲೆಕೆಳಗಾಗಿ ಕಲ್ಲು ಮೇಯುತ್ತಿತ್ತು. ಮೀನು ಉಳಿದವು ಎಂದುಕೊಂಡ. ಅಷ್ಟರಲ್ಲಿ ಹಳದಿ ಮೀನು ಪಕ್ಕಕ್ಕೆ ಸರಿಯಿತು, ಅದರ ಹಿಂದೆ ನಾಮ್ವಾಲೆಯ ಮುಖವಿತ್ತು.

ಇಷ್ಟು ವರ್ಷ ಅತ್ತೆಯೆಂದರೆ ಅವನಿಗೆ ಒಂದು ಬೆನ್ನು ಮತ್ತು ಒಂದು ಕೆಮ್ಮು. ಈಗ ನೋಡಿದರೆ ಎನೆಲೆಸ್‌ಳದೇ ಮೂಗು, ಮಗಳು ತಿಯಾಮಿಕೆಯದೇ ಹಣೆ, ಗಾಜಿಗೆ ಒತ್ತಿಕೊಂಡು ಚಪ್ಪಟೆಯಾಗಿದ್ದವು. ಮುದುಕಿಯೂ ಅವನನ್ನು ಕಂಡಳು. ಇಬ್ಬರೂ ಕಲ್ಲಾದರು. ಅವನು ಕೆಮ್ಮಲು ಬಾಯಿ ತೆರೆದ, ಕೆಮ್ಮು ರದ್ದಾದದ್ದು ನೆನಪಾಗಿ ಮುಚ್ಚಿದ. ಅಂಗಳದ ನೆಂಟರು ಕೈಯಲ್ಲಿ ಹುಲ್ಲು ಹಿಡಿದುಕೊಂಡೇ ಜಗಲಿಯ ಕೆಳಗೆ ಗುಂಪುಗೂಡಿದರು. ಮರ್ಯಾದೆ ಹೋಯಿತೇ ಉಳಿಯಿತೇ ಎಂದು ಎಲ್ಲರೂ ಜೈಲೋಸಿಯ ಕಡೆ ತಿರುಗಿದರು. ಜೈಲೋಸಿ ಬಂದು ಬಗ್ಗಿ, ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ನೋಡಿ, ನಡುವೆ ನೀರಿದೆ, ತಪ್ಪಿಲ್ಲ ಎಂದು ಹೋಗಿಬಿಟ್ಟ.

ಆದರೂ ನೇರ ಮಾತಾಡುವಂತಿಲ್ಲವಲ್ಲ. ನಾಮ್ವಾಲೆ ಮೂಲೆಯಲ್ಲಿ ಒಬ್ಬಂಟಿಯಾಗಿ ನಿಂತಿದ್ದ ದಪ್ಪ ಗಲ್ಲದ ಮೀನಿನ ಕಡೆ ಬೆರಳು ತೋರಿ ಅದನ್ನೇ ಮಾತಾಡಿಸಿದಳು.

"ಏನೇ, ಎಷ್ಟೋ ದಿನದಿಂದ ನೋಡ್ತಿದೀನಿ, ನೀನೊಂದು ಚೂರೂ ತಿಂತಿಲ್ಲ. ಏನಾಗಿದೆ ನಿಂಗೆ?"

ಫ್ರಾಕ್ಸನ್ ಹಿಂದೆ ಮುಂದೆ ನೋಡಿದ. ಆಮೇಲೆ ಅವನೂ ಆ ಮೀನಿಗೇ ಹೇಳಿದ. "ಬಾಯಲ್ಲಿ ಮಕ್ಕಳಿದಾವೆ ಅನ್ನು. ದೊಡ್ಡವಾಗೋವರೆಗೂ ಬಾಯೊಳಗೇ ಇಟ್ಕೊಂಡಿರ್ತೀನಿ, ನುಂಗಿಬಿಟ್ಟೇನು ಅಂತ ಊಟ ಮಾಡಲ್ಲ ಅನ್ನು."

"ಮಕ್ಕಳನ್ನ ಹೆತ್ತೂ ಬಾಯಿ ಮುಚ್ಕೊಂಡಿರೋ ತಾಯಿ ನೀನೊಬ್ಳೇ ಬಿಡು," ಎಂದಳು ಮುದುಕಿ. ಅವಳ ಹೊಟ್ಟೆ ನಗುವಿನಿಂದ ಕುಲುಕಿತು. ಆಮೇಲೆ ಇನ್ನಷ್ಟು ಹತ್ತಿರ ಬಗ್ಗಿದಳು. ಅವಳು ಹುಟ್ಟಿದ್ದು ಆ ದಂಡೆಯಲ್ಲೇ, ನೀರು ಹೊತ್ತದ್ದು, ಬಟ್ಟೆ ಒಗೆದದ್ದು, ಗಂಡನನ್ನು ದೋಣಿ ಹತ್ತಿಸಿದ್ದು ಎಲ್ಲ ಅಲ್ಲೇ. ಆ ನೀರಿನ ಒಳಗೆ ಏನಿದೆಯೆಂದು ಮಾತ್ರ ನೋಡಿದವಳಲ್ಲ. "ರಾತ್ರಿ ಎಲ್ಲಿ ಮಲಗ್ತೀರೇ ನೀವೆಲ್ಲ? ಕೆಳಗೆ ಇನ್ನೂ ಆಳದಲ್ಲಿ ಏನೇನಿದೆ? ಗೊತ್ತಿರೋರು ಯಾರಾದ್ರೂ ಇದ್ರೆ ಹೇಳೋಕೆ ಹೇಳು."

ಅಷ್ಟು ವರ್ಷ ಫ್ರಾಕ್ಸನ್ ಆ ತಳಕ್ಕೆ ಇಳಿದು ಹತ್ತಿದ್ದ. ಎಷ್ಟು ಮೀನು ಸಿಕ್ಕಿತೆಂದು ಕೇಳಿದವರುಂಟು, ಅಲ್ಲಿ ಹೇಗಿತ್ತೆಂದು ಹೆಂಡತಿಯೂ ಕೇಳಿರಲಿಲ್ಲ. ದಪ್ಪ ಗಲ್ಲದ ಮೀನಿಗೆ ಅವನು ಹೇಳತೊಡಗಿದ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಒರಗಿಕೊಂಡಿರುವುದು, ಪ್ರತಿ ಸಂದಿಗೂ ಒಬ್ಬ ಯಜಮಾನನಿರುವುದು, ಸಂಜೆ ಬೆಳಕು ಇಳಿಮುಖವಾದಾಗ ಎಲ್ಲರೂ ತಂತಮ್ಮ ಬಿರುಕಿಗೆ ಹಿಮ್ಮುಖವಾಗಿ ಸೇರಿಕೊಳ್ಳುವುದು, ಬಂಡೆಗಳೆಲ್ಲ ಮುಗಿದ ಮೇಲೆ ಬರುವ ಬಿಳೀ ಮರಳು. ಮುದುಕಿ ಆಗಾಗ ಮೀನನ್ನು ತಡೆದು ಪ್ರಶ್ನೆ ಕೇಳುತ್ತಿದ್ದಳು.

ಅಂಗಳದಲ್ಲಿ ಅರ್ಧ ಮಾಡು ಬೋಳಾಗಿಯೇ ಇತ್ತು. ಏಣಿಯ ಮೇಲಿಂದ ಬಿಸ್ವಿಕ್ ಭಾವನನ್ನು ಒಂದು ಸಲ ಕೂಗಿದ, ಎರಡು ಸಲ ಕೂಗಿದ. ಮೂರನೆಯ ಸಲಕ್ಕೆ ಮನೆಯೊಳಗಿನಿಂದ ಅತ್ತೆಯೇ ಉತ್ತರ ಕೊಟ್ಟಳು.

"ತಾಳೋ ಸ್ವಲ್ಪ. ಮೀನಿನ ಮಾತು ಇನ್ನೂ ಮುಗಿದಿಲ್ಲ."